ರಕ್ತಪ್ರವಾಹದ ಬಲ ಮತ್ತು ಅಪಧಮನಿಯ ರೋಗ: ಒಂದು ವಿಚಾರದ ಇತಿಹಾಸ

೧. ಪ್ರಶ್ನೆಯ ಸ್ವರೂಪ

ಮನುಷ್ಯನ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು, ನಾರು ಮತ್ತು ಸುಣ್ಣದ ಅಂಶಗಳು ಸೇರಿ ದಪ್ಪ ಮಚ್ಚೆಗಳಾಗಿ ಬೆಳೆದು, ರಕ್ತದ ದಾರಿಯನ್ನು ಕಿರಿದುಗೊಳಿಸುವ ರೋಗಕ್ಕೆ ಅಥೆರೊಸ್ಕ್ಲೆರೋಸಿಸ್ ಎಂದು ಹೆಸರು. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಬಹುಮಟ್ಟಿಗೆ ಇದೇ ಮೂಲ. ಈ ರೋಗಕ್ಕೆ ಕಾರಣಗಳೆಂದು ಸಾಮಾನ್ಯವಾಗಿ ಹೇಳುವ ಸಂಗತಿಗಳು, ಎಂದರೆ ರಕ್ತದಲ್ಲಿ ಕೊಲೆಸ್ಟರಾಲಿನ ಹೆಚ್ಚಳ, ಧೂಮಪಾನ, ಮಧುಮೇಹ, ಏರಿದ ರಕ್ತದೊತ್ತಡ ಮೊದಲಾದವು, ಇಡೀ ದೇಹಕ್ಕೆ ಸಂಬಂಧಿಸಿದವು. ಒಂದೇ ರಕ್ತವು ಎಲ್ಲ ಅಪಧಮನಿಗಳಲ್ಲಿಯೂ ಹರಿಯುತ್ತದೆ. ಆದರೂ ರೋಗವು ಎಲ್ಲೆಡೆ ಸಮನಾಗಿ ತಲೆದೋರುವುದಿಲ್ಲ. ಅಪಧಮನಿಯು ಕವಲೊಡೆಯುವ ಸ್ಥಳ, ಬಾಗುವ ಸ್ಥಳ, ಕೊರಳಿನ ಕ್ಯಾರಟಿಡ್ ಅಪಧಮನಿಯು ಎರಡಾಗುವೆಡೆಯ ಉಬ್ಬು, ಹೃದಯವನ್ನು ಪೋಷಿಸುವ ಕರೊನರಿ ನಾಳಗಳ ಆರಂಭದ ಭಾಗ: ಇವು ಅದರ ನೆಚ್ಚಿನ ನೆಲೆಗಳು. ಎದೆಗೂಡಿನ ಒಳಗೋಡೆಯಲ್ಲಿ ಇಳಿಯುವ ಅಪಧಮನಿಯಾದರೋ ಮುಪ್ಪಿನವರೆಗೂ ಬಹುಮಟ್ಟಿಗೆ ಶುದ್ಧವಾಗಿ ಉಳಿಯುವುದುಂಟು.

ಆದುದರಿಂದ ಇಲ್ಲಿ ಪ್ರಶ್ನೆಗಳು ಎರಡು. ಈ ರೋಗವು ಏಕೆ ಬರುತ್ತದೆ ಎಂಬುದು ಒಂದು. ಇಲ್ಲಿಯೇ ಏಕೆ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ರಸಾಯನಶಾಸ್ತ್ರವು ಉತ್ತರ ಕೊಟ್ಟಿತು. ಎರಡನೆಯದಕ್ಕೆ ಯಂತ್ರಶಾಸ್ತ್ರವು ಉತ್ತರ ಕೊಡಲು ಯತ್ನಿಸಿತು. ವೈದ್ಯಶಾಸ್ತ್ರದ ಈ ವಿಷಯಕ್ಕೆ ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಎಡೆಯೇಕೆಂದು ವಾಚಕರು ಕೇಳಬಹುದು. ಒಂದು ವಿಚಾರವು ಹೇಗೆ ಹುಟ್ಟಿ, ಹೇಗೆ ಮರೆಗೆ ಸರಿದು, ಎರಡು ವಿರುದ್ಧ ಸಾಕ್ಷ್ಯಗಳ ನಡುವೆ ಹೇಗೆ ನಿರ್ಣಯಗೊಂಡಿತು ಎಂಬುದು ಇತಿಹಾಸದ ವಿಷಯವೇ ಸರಿ. ಹೊಸ ಸಿದ್ಧಾಂತವು ಬಂದೊಡನೆ ಹಳೆಯದು ಸುಳ್ಳಾಗುತ್ತದೆಂಬ ಸರಳ ಭಾವನೆಯನ್ನು ಈ ಚರಿತ್ರೆಯು ತಿದ್ದುತ್ತದೆಂಬುದೇ ಪ್ರಕೃತ ಲೇಖನದ ಪ್ರತಿಪಾದನೆ.

೨. ಅಳತೆಯ ಆರಂಭ

೧೬೨೮ರಲ್ಲಿ ವಿಲಿಯಂ ಹಾರ್ವೆಯು ರಕ್ತವು ದೇಹದಲ್ಲಿ ಪರಿಚಲಿಸುತ್ತದೆಂದು ಗ್ರಂಥಮುಖೇನ ಸಾಧಿಸಿದ ಮೇಲೆ ಹೃದಯವನ್ನು ಪಂಪಾಗಿಯೂ ಅಪಧಮನಿಯನ್ನು ಕೊಳವೆಯಾಗಿಯೂ ಕಾಣಲು ದಾರಿಯಾಯಿತು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸನು ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ನಳಿಕೆಯನ್ನು ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು ೮ ಅಡಿ ೩ ಅಂಗುಲದ ಎತ್ತರಕ್ಕೆ ಏರಿತು. ೧೭೩೩ರಲ್ಲಿ ಅವನು ಪ್ರಕಟಿಸಿದ ಈ ಪ್ರಯೋಗವೇ ರಕ್ತದೊತ್ತಡದ ಪ್ರಥಮ ಮಾಪನ. ೧೮೦೮ರಲ್ಲಿ ಥಾಮಸ್ ಯಂಗನು ಹೃದಯ ಮತ್ತು ಅಪಧಮನಿಗಳ ಕಾರ್ಯವನ್ನು ಕುರಿತು ಲಂಡನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ ಮಾಡಿದನು. ಫ್ರಾನ್ಸಿನ ವೈದ್ಯ ಪ್ವಾಸೇಯನು ೧೮೨೮ರಲ್ಲಿ ಪಾದರಸದ ಒತ್ತಡಮಾಪಕವನ್ನು ಬಳಕೆಗೆ ತಂದನು. ೧೮೪೦ರ ದಶಕದಲ್ಲಿ ಕಿರುಗೊಳವೆಗಳಲ್ಲಿ ದ್ರವದ ಹರಿವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬ ನಿಯಮವನ್ನು ಪ್ರಯೋಗದಿಂದ ಸ್ಥಾಪಿಸಿದನು.

ಈ ಪರಂಪರೆಯಿಂದ ಅಪಧಮನಿಯ ಗೋಡೆಯ ಮೇಲೆ ವರ್ತಿಸುವ ಬಲಗಳ ಸ್ಪಷ್ಟ ಕಲ್ಪನೆ ಮೂಡಿತು. ಗೋಡೆಯನ್ನು ಹೊರಕ್ಕೆ ತಳ್ಳುವ ಒತ್ತಡವು ಮೊದಲನೆಯದು. ಆ ಒತ್ತಡದಿಂದ ಗೋಡೆಯೊಳಗೆ ಉಂಟಾಗುವ ಸೆಳೆತವು ಎರಡನೆಯದು. ಹರಿಯುವ ರಕ್ತವು ಗೋಡೆಯ ಮೇಲ್ಮೈಯನ್ನು ಸವರಿ ತನ್ನ ದಿಕ್ಕಿಗೆ ಎಳೆಯುವ ಘರ್ಷಣಬಲವು ಮೂರನೆಯದು. ಯಂತ್ರಶಾಸ್ತ್ರಜ್ಞರು ಇದನ್ನು ಶಿಯರ್ ಸ್ಟ್ರೆಸ್ ಎನ್ನುತ್ತಾರೆ. ಇವುಗಳ ಪ್ರಮಾಣದಲ್ಲಿ ಅಗಾಧವಾದ ಅಂತರವಿದೆ. ೧೦೦ ಮಿಲಿಮೀಟರ್ ಪಾದರಸದ ರಕ್ತದೊತ್ತಡವೆಂದರೆ ಚದರ ಸೆಂಟಿಮೀಟರಿಗೆ ಸುಮಾರು ೧,೩೩,೦೦೦ ಡೈನ್. ದೊಡ್ಡ ಅಪಧಮನಿಯಲ್ಲಿ ಘರ್ಷಣಬಲವಾದರೋ ಸುಮಾರಾಗಿ ೧೫ ಡೈನ್ ಆಸುಪಾಸಿನದು. ಇಷ್ಟು ಅಲ್ಪವಾದ ಬಲವು ರೋಗದ ನೆಲೆಯನ್ನು ಗೊತ್ತುಮಾಡಬಲ್ಲುದೆಂದು ಬಹುಕಾಲ ಯಾರೂ ಭಾವಿಸದಿದ್ದುದು ಆಶ್ಚರ್ಯವಲ್ಲ.

೩. ಫಿರ್ಖೋ ಮತ್ತು ತೋಮಾ

ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನನು ೧೮೨೯ರಲ್ಲಿ ಅಪಧಮನಿಗಳ ಗಡುಸಾಗುವಿಕೆಗೆ ಆರ್ಟೀರಿಯೊಸ್ಕ್ಲೆರೋಸಿಸ್ ಎಂದು ಹೆಸರಿಟ್ಟನು. ರೋಗದ ಹುಟ್ಟನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಎರಡು ಮತಗಳು ಎದುರುಬದುರಾಗಿ ನಿಂತುವು. ವಿಯೆನ್ನಾದ ರೊಕಿಟಾನ್‌ಸ್ಕಿಯ ಮತದಂತೆ ಇದು ರಕ್ತದಿಂದ ಬಂದು ಗೋಡೆಯ ಮೇಲೆ ಕೂಡುವ ಹೆಪ್ಪು. ಬರ್ಲಿನ್ನಿನ ರುಡಾಲ್ಫ್ ಫಿರ್ಖೋನ ಮತದಂತೆ ಇದು ಗೋಡೆಯೊಳಗೇ ನಡೆಯುವ ಸಜೀವ ಕ್ರಿಯೆ. ರಕ್ತದ ದ್ರವಾಂಶವು ಒಳಪದರಕ್ಕೆ ಇಳಿಯುತ್ತದೆ, ಅಲ್ಲಿಯ ಜೀವಕೋಶಗಳು ಕೆರಳುತ್ತವೆ, ಅದು ಒಂದು ಬಗೆಯ ಉರಿಯೂತ. ೧೮೫೬ರ ತನ್ನ ಲೇಖನಗಳಲ್ಲಿ ಈ ವಾದವನ್ನು ಮಂಡಿಸಿದ ಫಿರ್ಖೋನು, ಈ ಕೆರಳಿಕೆಗೆ ಯಾಂತ್ರಿಕ ಆಘಾತವೂ ಕಾರಣವೆಂದು ಎಣಿಸಿದನು. ರಸಾಯನ, ಉರಿಯೂತ, ಬಲ ಎಂಬ ಮೂರು ಎಳೆಗಳೂ ಅವನಲ್ಲಿ ಒಂದೇ ಹುರಿಯಾಗಿದ್ದುವು. ಮುಂದಿನ ಒಂದು ಶತಮಾನದಲ್ಲಿ ಆ ಹುರಿಯು ಬಿಚ್ಚಿಕೊಂಡು ಎಳೆಗಳು ಬೇರೆಬೇರೆ ಕೈಗಳಿಗೆ ಸಿಕ್ಕಿದುವು.

ಬಲದ ಎಳೆಯನ್ನು ಹಿಡಿದವರಲ್ಲಿ ರಿಚರ್ಡ್ ತೋಮಾ ಪ್ರಮುಖನು. ಕೋಳಿಯ ಭ್ರೂಣದಲ್ಲಿ ರಕ್ತನಾಳಗಳ ಬೆಳವಣಿಗೆಯನ್ನು ಪರಿಶೀಲಿಸಿ ಅವನು ೧೮೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ನಿಯಮಗಳು ಗಮನಾರ್ಹ. ರಕ್ತದ ವೇಗವು ಹೆಚ್ಚಿದರೆ ನಾಳವು ಅಗಲವಾಗುತ್ತದೆ, ಕುಗ್ಗಿದರೆ ಕಿರಿದಾಗುತ್ತದೆ; ಗೋಡೆಯ ದಪ್ಪವು ಅದರ ಸೆಳೆತಕ್ಕೆ ತಕ್ಕಂತೆ ಬೆಳೆಯುತ್ತದೆ. ಒಳಪದರವು ದಪ್ಪವಾಗುವುದು ನಿಧಾನಗೊಂಡ ಪ್ರವಾಹಕ್ಕೆ ನಾಳವು ತೋರುವ ಹೊಂದಾಣಿಕೆಯೆಂದು ಅವನ ಅಭಿಪ್ರಾಯ. ಗೋಡೆಯು ಹರಿವನ್ನು ಅರಿಯಬಲ್ಲುದೆಂಬ ಸೂಚನೆ ಇಲ್ಲಿದೆ. ಅರಿಯುವುದು ಹೇಗೆ ಎಂಬುದನ್ನು ತೋರಿಸುವ ಸಾಧನಗಳು ಮಾತ್ರ ಅಂದು ಇರಲಿಲ್ಲ.

೪. ರಸಾಯನದ ಪ್ರಾಬಲ್ಯ

೧೯೦೪ರಲ್ಲಿ ಲೈಪ್‌ಸಿಗ್ಗಿನ ಫೆಲಿಕ್ಸ್ ಮಾರ್ಶಾಂಡನು ಅಥೆರೊಸ್ಕ್ಲೆರೋಸಿಸ್ ಎಂಬ ಹೆಸರನ್ನು ಬಳಕೆಗೆ ತಂದನು. ಗ್ರೀಕಿನಲ್ಲಿ ಇದರ ಪೂರ್ವಪದಕ್ಕೆ ಅಂಬಲಿಯೆಂದೂ ಉತ್ತರಪದಕ್ಕೆ ಗಡಸುತನವೆಂದೂ ಅರ್ಥ. ಮಚ್ಚೆಯನ್ನು ಕೊಯ್ದಾಗ ಒಳಗೆ ಅಂಬಲಿಯಂಥ ಮೆತ್ತನೆಯ ಕೊಬ್ಬು, ಹೊರಗೆ ನಾರಿನ ಗಡಸು ಹೊದಿಕೆ; ಹೆಸರು ಅನ್ವರ್ಥವಾಗಿಯೇ ಇದೆ. ೧೯೧೩ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್‌ಕೋವ್ ಮತ್ತು ಸೆಮೆನ್ ಹಲಾಟೊವರು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲನ್ನು ಮೊಲಗಳಿಗೆ ತಿನ್ನಿಸಿ ಅವುಗಳ ಅಪಧಮನಿಯಲ್ಲಿ ಇಂಥ ಮಚ್ಚೆಗಳನ್ನು ಉಂಟುಮಾಡಿದರು. ಇದು ವೈದ್ಯಶಾಸ್ತ್ರದ ಮಹತ್ತರ ಪ್ರಯೋಗಗಳಲ್ಲೊಂದು. ಎರಡನೆಯ ಮಹಾಯುದ್ಧದ ತರುವಾಯ ರಸಾಯನದ ಮತವು ಬಲಗೊಳ್ಳುತ್ತ ಹೋಗಿ, ಕೊಲೆಸ್ಟರಾಲನ್ನು ತಗ್ಗಿಸುವ ಔಷಧಗಳಿಂದ ಹೃದಯಾಘಾತಗಳು ಕಡಮೆಯಾಗುತ್ತವೆಂಬುದು ಸಿದ್ಧವಾದಾಗ ಅದು ನಿರ್ವಿವಾದವಾಯಿತು.

ಆದರೆ ಆ ಮೊಲಗಳಲ್ಲಿಯೂ ಕೊಬ್ಬು ಸಮನಾಗಿ ಹರಡಿರಲಿಲ್ಲವೆಂಬುದನ್ನು ಮರೆಯಲಾಗದು. ಮಹಾಪಧಮನಿಯ ಕಮಾನಿನಲ್ಲಿಯೂ ಕವಲುಗಳ ಬಾಯಿಯಲ್ಲಿಯೂ ಅದು ಹೆಚ್ಚಾಗಿ ಕೂಡಿತ್ತು. ದೇಹದ ಇತರ ಸಂಗತಿಗಳೂ ಇದನ್ನೇ ಸಾರುತ್ತಿದ್ದುವು. ಸಿರೆಗಳಲ್ಲಿ ಈ ರೋಗವು ಬರುವುದಿಲ್ಲ. ೧೯೬೭ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೆನೆ ಫವಲೊರೊ ಕಾಲಿನ ಸಿರೆಯನ್ನು ಹೃದಯದ ಅಪಧಮನಿಗೆ ಬದಲಿ ದಾರಿಯಾಗಿ ಹೊಲಿಯುವ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದ ಮೇಲೆ, ಹಾಗೆ ಸ್ಥಾನಾಂತರಗೊಂಡ ಸಿರೆಯಲ್ಲಿಯೂ ಕಾಲಕ್ರಮದಲ್ಲಿ ಅದೇ ರೋಗವು ಕಾಣಿಸಿಕೊಂಡಿತು. ಸಿರೆಯಲ್ಲಿ ಹರಿಯುವ ಕೊಲೆಸ್ಟರಾಲು ಮೊದಲೂ ಅದೇ, ಅನಂತರವೂ ಅದೇ. ಬದಲಾದುದು ಅದು ಹೊರಬೇಕಾದ ಬಲ. ಶ್ವಾಸಕೋಶದ ಅಪಧಮನಿಯಲ್ಲಿ ಸಾಮಾನ್ಯವಾಗಿ ಈ ರೋಗವು ವಿರಳ. ಅಲ್ಲಿಯ ಒತ್ತಡವು ಏರಿದವರಲ್ಲಿ ಮಾತ್ರ ಅದು ಎದ್ದುತೋರುತ್ತದೆ. ಕರೊನರಿ ನಾಳದ ಒಂದು ಭಾಗವು ಕೆಲವರಲ್ಲಿ ಹೃದಯದ ಮಾಂಸದೊಳಗೆ ಹುದುಗಿರುತ್ತದೆ. ಆ ಹುದುಗಿದ ಭಾಗವು ಬಹುಮಟ್ಟಿಗೆ ರೋಗಮುಕ್ತವಾಗಿರುತ್ತದೆ. ಒಂದೇ ರಕ್ತದಿಂದ ತೋಯುವ ಗೋಡೆಗಳಲ್ಲಿನ ಈ ಭೇದಗಳಿಗೆ ರಸಾಯನವೊಂದೇ ಸಮಾಧಾನ ಹೇಳಲಾರದು.

೫. ಎರಡು ವಿರುದ್ಧ ಸಾಕ್ಷ್ಯಗಳು

೧೯೫೫ರಲ್ಲಿ ಗಣಿತಜ್ಞ ವೊಮರ್ಸ್ಲಿಯು ನಾಡಿಯಂತೆ ಏರಿಳಿಯುವ ರಕ್ತಪ್ರವಾಹಕ್ಕೆ ಸಮೀಕರಣಗಳನ್ನು ಒದಗಿಸಿದನು. ಎರಡು ವರ್ಷಗಳ ಅನಂತರ ನ್ಯೂಯಾರ್ಕಿನ ವೈದ್ಯ ಮೆಯರ್ ಟೆಕ್ಸನ್ನನು ಹೊಸದೊಂದು ವಾದವನ್ನು ಹೂಡಿದನು. ಬಾಗು ಮತ್ತು ಕವಲುಗಳಲ್ಲಿ ರಕ್ತದ ಪಾರ್ಶ್ವ ಒತ್ತಡವು ತಗ್ಗುವುದರಿಂದ ಒಳಪದರವು ಒಳಕ್ಕೆ ಸೆಳೆಯಲ್ಪಟ್ಟು, ಆ ಎಳೆತಕ್ಕೆ ಪ್ರತಿಯಾಗಿ ದಪ್ಪವಾಗುತ್ತದೆಂಬುದು ಅವನ ಮತ. ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದುದು ಅವನ ಹಿರಿಮೆ. ಆದರೆ ಲೆಕ್ಕವು ಅವನಿಗೆ ಒತ್ತಾಸೆಯಾಗಲಿಲ್ಲ. ಸೆಕೆಂಡಿಗೆ ೧ ಮೀಟರ್ ವೇಗದ ರಕ್ತದಲ್ಲಿ ವೇಗದ ಕಾರಣದಿಂದ ಆಗಬಹುದಾದ ಒತ್ತಡದ ವ್ಯತ್ಯಾಸವು ಸುಮಾರು ೪ ಮಿಲಿಮೀಟರ್ ಪಾದರಸ. ಪ್ರತಿಯೊಂದು ನಾಡಿಬಡಿತದಲ್ಲಿಯೂ ಒತ್ತಡವು ಅದರ ಹತ್ತು ಪಟ್ಟು, ಎಂದರೆ ೪೦ ಮಿಲಿಮೀಟರಿನಷ್ಟು, ಏರಿಳಿಯುತ್ತದೆ.

ಅನಂತರ ಗಮನವು ಘರ್ಷಣಬಲದತ್ತ ತಿರುಗಿತು. ೧೯೬೮ರಲ್ಲಿ ಅಮೆರಿಕದ ಡೊನಾಲ್ಡ್ ಫ್ರೈ ನಾಯಿಗಳ ಮಹಾಪಧಮನಿಯೊಳಗೆ ದಾರಿಯನ್ನು ಕಿರಿದುಗೊಳಿಸುವ ಸಾಧನವನ್ನಿಟ್ಟು ರಕ್ತದ ವೇಗವನ್ನು ಹೆಚ್ಚಿಸಿದರು. ಘರ್ಷಣಬಲವು ಚದರ ಸೆಂಟಿಮೀಟರಿಗೆ ಸುಮಾರು ೩೮೦ ಡೈನ್ ಮೀರಿದಾಗ ಗೋಡೆಯ ಒಳಹಾಸಿನ ಜೀವಕೋಶಗಳು ಕೆಟ್ಟು ಕಿತ್ತುಬಂದುವು. ಇದರಿಂದ ಅತಿಯಾದ ಘರ್ಷಣೆಯೇ ರೋಗದ ಬೀಜವೆಂದು ತೋರಿತು. ಮರುವರ್ಷವೇ, ೧೯೬೯ರಲ್ಲಿ, ಲಂಡನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಕಾರೊ ಮತ್ತು ಸಂಗಡಿಗರು ಇದಕ್ಕೆ ನೇರ ವಿರುದ್ಧವಾದ ಮಾತನ್ನು ಹೇಳಿದರು. ಮೃತರ ಅಪಧಮನಿಗಳಲ್ಲಿ ಆರಂಭದ ಮಚ್ಚೆಗಳು ಎಲ್ಲಿರುತ್ತವೆಂದು ನೋಡಿದಾಗ, ಘರ್ಷಣೆಯು ಕಡಮೆಯಿರಬೇಕಾದ ಎಡೆಗಳಲ್ಲಿಯೇ ಅವು ಕಂಡುಬಂದುವು. ಕವಲಿನಲ್ಲಿ ಪ್ರವಾಹವನ್ನು ಸೀಳುವ ಅಂಚಿಗೆ ರಕ್ತವು ಬಿರುಸಾಗಿ ತಾಗುತ್ತದೆ. ಆ ಅಂಚು ಶುದ್ಧವಾಗಿತ್ತು. ಅದಕ್ಕೆ ಎದುರಾದ ಹೊರಗೋಡೆಯಲ್ಲಿ ರಕ್ತವು ಮಂದವಾಗಿ ಸುಳಿಯುತ್ತದೆ, ಮಚ್ಚೆಗಳು ಅಲ್ಲಿದ್ದುವು.

ಎರಡು ಶಾಸನಗಳು ಒಂದೇ ಘಟನೆಯನ್ನು ಕುರಿತು ಪರಸ್ಪರ ವಿರುದ್ಧವಾಗಿ ನುಡಿದಾಗ, ಅವುಗಳಲ್ಲೊಂದು ಸುಳ್ಳೆಂದು ಇತಿಹಾಸಕಾರನು ಕೂಡಲೇ ತೀರ್ಮಾನಿಸುವುದಿಲ್ಲ. ಅವನ್ನು ಯಾರು, ಎಲ್ಲಿ, ಯಾವ ಉದ್ದೇಶದಿಂದ ಹಾಕಿಸಿದರೆಂದು ಮೊದಲು ವಿಚಾರಿಸುತ್ತಾನೆ. ಇಲ್ಲಿಯೂ ಅದೇ ನ್ಯಾಯ ಸಲ್ಲುತ್ತದೆ. ಫ್ರೈಯವರು ಕಂಡುದು ನಾಯಿಯಲ್ಲಿ, ಕೃತಕವಾಗಿ ಹೆಚ್ಚಿಸಿದ ಪ್ರವಾಹದಿಂದ ಅಲ್ಪಕಾಲದಲ್ಲಿ ಆದ ಗಾಯವನ್ನು. ಕಾರೊ ಅವರು ಕಂಡುದು ಮನುಷ್ಯನಲ್ಲಿ, ಸಹಜ ಪ್ರವಾಹದಲ್ಲಿ, ವರ್ಷಗಳಿಂದ ಕೂಡಿಬಂದ ರೋಗವನ್ನು. ಇಬ್ಬರ ಅವಲೋಕನಗಳೂ ದಿಟವೇ. ಆದರೆ ಎರಡೂ ಒಂದೇ ವಸ್ತುವನ್ನು ಕುರಿತವಲ್ಲ.

೬. ನಿರ್ಣಯದತ್ತ

ಮನುಷ್ಯನ ಸಹಜ ರೋಗದ ಮಟ್ಟಿಗೆ ತಕ್ಕಡಿಯು ಕಾರೊ ಅವರ ಕಡೆಗೆ ವಾಲಿದುದು ೧೯೮೦ರ ದಶಕದಲ್ಲಿ. ೧೯೮೩ರಲ್ಲಿ ಜಾರಿನ್ಸ್, ಗಿಡ್ಡೆನ್ಸ್, ಗ್ಲಾಗೊವ್ ಮತ್ತು ಸಂಗಡಿಗರು ಮೃತರ ಕ್ಯಾರಟಿಡ್ ಅಪಧಮನಿಗಳಲ್ಲಿ ಒಳಪದರದ ದಪ್ಪವನ್ನು ಸ್ಥಳಸ್ಥಳದಲ್ಲಿಯೂ ಅಳೆದು, ಅದೇ ಆಕಾರದ ಪಾರದರ್ಶಕ ಮಾದರಿಯಲ್ಲಿ ದ್ರವದ ವೇಗವನ್ನು ಲೇಸರ್ ಕಿರಣಗಳಿಂದ ಅಳೆದು, ಎರಡನ್ನೂ ಹೋಲಿಸಿದರು. ಘರ್ಷಣೆಯು ತೀರ ಕಡಮೆಯಾಗಿದ್ದ ಹೊರಗೋಡೆಯಲ್ಲಿಯೇ ಒಳಪದರವು ಅತ್ಯಂತ ದಪ್ಪವಾಗಿತ್ತು. ೧೯೮೫ರಲ್ಲಿ ಡೇವಿಡ್ ಕು ಮೊದಲಾದವರು ನಾಡಿಯ ಏರಿಳಿತವನ್ನೂ ಸೇರಿಸಿಕೊಂಡು, ಆ ಸ್ಥಳದಲ್ಲಿ ಪ್ರವಾಹವು ಪ್ರತಿಯೊಂದು ಬಡಿತದಲ್ಲಿಯೂ ಹಿಂದುಮುಂದಾಗಿ ತೂಗುತ್ತದೆಂದು ತೋರಿಸಿದರು. ಮಂದವಾದ, ದಿಕ್ಕು ನಿಲ್ಲದ ಘರ್ಷಣೆಯೇ ಅಪಾಯಕರವೆಂಬ ಸಿದ್ಧಾಂತವು ಹೀಗೆ ರೂಪುಗೊಂಡಿತು.

ಆದರೆ ಮಂದಪ್ರವಾಹವು ರೋಗವನ್ನು ತರುವುದು ಹೇಗೆ? ಕಾಲುವೆಯ ತಿರುವಿನಲ್ಲಿ ನೀರು ಮಂದವಾದೆಡೆ ಹೂಳು ಕೂಡುವಂತೆ ಕೊಬ್ಬು ಕೂಡುತ್ತದೆಂದು ಭಾವಿಸುವುದು ಸುಲಭ. ಈ ಹೋಲಿಕೆಯು ನೆಲೆಯನ್ನು ಸೂಚಿಸುತ್ತದೆಯಾದರೂ ಕ್ರಿಯೆಯನ್ನು ತಿಳಿಸುವುದಿಲ್ಲ. ಕಾಲುವೆಯ ದಡವು ಜಡ. ಅಪಧಮನಿಯ ಗೋಡೆಯು ಸಜೀವ. ೧೯೮೦ರಲ್ಲಿ ಫರ್ಚ್‌ಗಾಟ್ ಮತ್ತು ಜವಾಡ್‌ಸ್ಕಿ ಅವರು ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ ಪ್ರಯೋಗಿಸಿ, ಅಸಿಟೈಲ್‌ಕೊಲೀನ್ ಎಂಬ ವಸ್ತುವು ಅವನ್ನು ಸಡಿಲಿಸಬೇಕಾದರೆ ಒಳಹಾಸಿನ ಜೀವಕೋಶಗಳು ಉಳಿದಿರಬೇಕೆಂದು ಕಂಡುಹಿಡಿದರು. ಆ ಕೋಶಗಳು ಹೊರಡಿಸುವ ಸಂಕೇತವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಬಳಿಕ ತಿಳಿಯಿತು. ಈ ಶೋಧಕ್ಕೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ೧೯೮೦ರಲ್ಲಿಯೇ ಜಪಾನಿನ ಕಾಮಿಯಾ ಮತ್ತು ಟೊಗಾವಾ ಅವರು ನಾಯಿಯ ಕೊರಳಿನ ಅಪಧಮನಿಯನ್ನು ಪಕ್ಕದ ಸಿರೆಗೆ ಕೂಡಿಸಿ ಹರಿವನ್ನು ಹೆಚ್ಚಿಸಿದಾಗ, ತಿಂಗಳುಗಳು ಕಳೆದಂತೆ ಆ ಅಪಧಮನಿಯು ತಾನೇ ಅಗಲವಾಗಿ ಘರ್ಷಣಬಲವನ್ನು ಮೊದಲಿನ ಮಟ್ಟಕ್ಕೆ ಇಳಿಸಿಕೊಂಡಿತು. ತೋಮಾನು ಭ್ರೂಣದಲ್ಲಿ ಕಂಡ ನಿಯಮವು ಬೆಳೆದ ಪ್ರಾಣಿಯಲ್ಲಿಯೂ ಸತ್ಯವೆಂದು ಹೀಗೆ ಸಿದ್ಧವಾಯಿತು. ೧೯೮೭ರಲ್ಲಿ ಗ್ಲಾಗೊವ್ ಮತ್ತು ಸಂಗಡಿಗರು ೧೩೬ ಹೃದಯಗಳನ್ನು ಪರೀಕ್ಷಿಸಿ, ಮಚ್ಚೆಯು ಬೆಳೆದಂತೆಲ್ಲ ಕರೊನರಿ ನಾಳವು ಹಿಗ್ಗಿ ದಾರಿಯನ್ನು ಕಾಪಾಡಿಕೊಳ್ಳುತ್ತದೆಂದೂ, ಮಚ್ಚೆಯು ನಾಳದ ಒಳವಲಯದ ಸುಮಾರು ಶೇಕಡ ೪೦ನ್ನು ಆಕ್ರಮಿಸಿದ ಮೇಲೆಯೇ ದಾರಿಯು ಕಿರಿದಾಗತೊಡಗುತ್ತದೆಂದೂ ತಿಳಿಸಿದರು. ರೋಗವು ಬಹುಕಾಲ ಅಡಗಿದ್ದು ತಟ್ಟನೆ ಎರಗುವುದಕ್ಕೆ ಇದೂ ಒಂದು ಕಾರಣ.

ಒಳಹಾಸಿನ ಜೀವಕೋಶಗಳು ಸ್ಥಿರಪ್ರವಾಹದಲ್ಲಿ ಹರಿವಿನ ದಿಕ್ಕಿಗೆ ನೀಳವಾಗಿ ಸಾಲುಗೂಡುತ್ತವೆಂದು ೧೯೮೧ರಲ್ಲಿ ಡ್ಯೂಯಿ, ಗಿಂಬ್ರೋನ್ ಮೊದಲಾದವರು ಪ್ರಯೋಗಶಾಲೆಯಲ್ಲಿ ತೋರಿಸಿದರು. ಸ್ಥಿರವಾದ, ತಕ್ಕಷ್ಟು ಬಲದ ಘರ್ಷಣೆಯಲ್ಲಿ ಆ ಕೋಶಗಳು ಉರಿಯೂತವನ್ನು ಅಡಗಿಸುವ ಜೀನುಗಳನ್ನು ಚುರುಕುಗೊಳಿಸುತ್ತವೆ. ಮಂದವೂ ಅಸ್ಥಿರವೂ ಆದ ಘರ್ಷಣೆಯಲ್ಲಿ ಬಿಳಿಯ ರಕ್ತಕಣಗಳನ್ನು ಬರಮಾಡಿಕೊಳ್ಳುವ ಜೀನುಗಳು ಮೇಲುಗೈ ಪಡೆಯುತ್ತವೆ. ಒತ್ತುವಿಕೆಯನ್ನು ಅರಿಯುವ ಪೀಜೋ೧ ಎಂಬ ಪ್ರೋಟೀನು ೨೦೧೦ರಲ್ಲಿ ಪತ್ತೆಯಾಯಿತು. ೨೦೧೪ರಲ್ಲಿ ರಕ್ತನಾಳದ ಒಳಹಾಸಿನಲ್ಲಿ ಅದರ ಕಾರ್ಯವು ಬೆಳಕಿಗೆ ಬಂದಿತು. ಅದರ ಶೋಧಕ ಆರ್ಡೆಮ್ ಪಟಪೌಟಿಯನ್ನರು ೨೦೨೧ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅಲ್ಪವಾದ ಘರ್ಷಣೆಯು ಗೋಡೆಯನ್ನು ಮುರಿಯುವುದಿಲ್ಲ. ಗೋಡೆಗೆ ಸುದ್ದಿ ಹೇಳುತ್ತದೆ. ಸುದ್ದಿಗೆ ಹೆಚ್ಚಿನ ಬಲವು ಬೇಕಿಲ್ಲ.

ಹೋಲಿಕೆಯಿಂದ ಕಾರ್ಯಕಾರಣಭಾವವು ಸಿದ್ಧವಾಗದೆಂಬ ಆಕ್ಷೇಪಕ್ಕೆ ೨೦೦೬ರ ಪ್ರಯೋಗವೊಂದು ಉತ್ತರ ಕೊಟ್ಟಿತು. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಕ್ಯಾರೊಲಿನ್ ಚೆಂಗ್ ಮತ್ತು ಸಂಗಡಿಗರು, ರಕ್ತದಲ್ಲಿ ಕೊಲೆಸ್ಟರಾಲು ಹೆಚ್ಚುವಂಥ ಇಲಿಗಳ ಕೊರಳಿನ ಅಪಧಮನಿಯ ಸುತ್ತ, ಒಳಗಿನ ದಾರಿಯು ಕ್ರಮವಾಗಿ ಕಿರಿದಾಗುವ ಕವಚವೊಂದನ್ನು ತೊಡಿಸಿದರು. ಕವಚದ ಮೇಲ್ಗಡೆ ಘರ್ಷಣೆಯು ತಗ್ಗಿತು, ಒಳಗೆ ಏರಿತು, ಕೆಳಗಡೆ ಹಿಂದುಮುಂದಾಗಿ ತೂಗಿತು. ಮಚ್ಚೆಗಳು ಮೇಲೂ ಕೆಳಗೂ ಬೆಳೆದುವು, ನಡುವೆ ಬೆಳೆಯಲಿಲ್ಲ. ಅದೇ ಪ್ರಾಣಿ, ಅದೇ ಆಹಾರ, ಅದೇ ನಾಳ. ಭೇದವು ಬಲದಲ್ಲಿ ಮಾತ್ರ.

೭. ಉಪಸಂಹಾರ

ಇಷ್ಟರಿಂದ ವಾದವು ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಕಾರೊ ಅವರ ಸಿದ್ಧಾಂತವು ಪಠ್ಯಪುಸ್ತಕಗಳನ್ನು ಸೇರಿ ಪ್ರಶ್ನಾತೀತವೆನಿಸಿದ ಮೇಲೆ, ೨೦೧೩ರಲ್ಲಿ ಪೈಫರ್, ಶರ್ವಿನ್ ಮತ್ತು ವೈನ್‌ಬರ್ಗ್ ಎಂಬ ಮೂವರು ಅದುವರೆಗೆ ಪ್ರಕಟವಾಗಿದ್ದ ಸಂಶೋಧನೆಗಳನ್ನೆಲ್ಲ ಕ್ರಮವಾಗಿ ಪರಿಶೀಲಿಸಿದರು. ಮಂದ ಘರ್ಷಣೆಗೂ ಆರಂಭದ ಮಚ್ಚೆಗಳಿಗೂ ಇರುವ ಸ್ಥಳಸಂಬಂಧಕ್ಕೆ ಆಧಾರವು ಸಾಮಾನ್ಯವಾಗಿ ನಂಬಿರುವಷ್ಟು ದೃಢವಾಗಿಲ್ಲವೆಂದು ಅವರ ನಿರ್ಣಯ. ಪ್ರತಿಯೊಂದು ಬಿಂದುವಿನಲ್ಲಿಯೂ ಬಲವನ್ನೂ ರೋಗವನ್ನೂ ಜೊತೆಗೂಡಿಸಿ ನೋಡಿದ ಅಧ್ಯಯನಗಳಲ್ಲಿ ಫಲಿತಾಂಶವು ಸರಾಸರಿಗಳ ಹೋಲಿಕೆಯಲ್ಲಿ ತೋರಿದಷ್ಟು ಸ್ಪಷ್ಟವಾಗಿರಲಿಲ್ಲ. ಈ ಪರಿಶೀಲನೆಯು ಹೊರಟುದು ಸಿದ್ಧಾಂತವು ಹುಟ್ಟಿದ ಇಂಪೀರಿಯಲ್ ಕಾಲೇಜಿನಿಂದಲೇ ಎಂಬುದು ಉಲ್ಲೇಖನೀಯ. ತನ್ನ ಮನೆಯಲ್ಲಿ ಹುಟ್ಟಿದ ಮಾತನ್ನು ತಾನೇ ಒರೆಗೆ ಹಚ್ಚುವ ವಿದ್ವತ್ತು ಆದರಣೀಯವಾದುದು.

ಈ ಚರಿತ್ರೆಯಿಂದ ನಮಗೆ ತೋರುವ ಅಂಶಗಳು ಎರಡು. ಒಂದನೆಯದಾಗಿ, ರಸಾಯನ ಮತ್ತು ಬಲ ಎಂಬ ಎರಡು ವಿವರಣೆಗಳಲ್ಲಿ ಒಂದು ಗೆದ್ದು ಇನ್ನೊಂದು ಸೋತಿತೆಂಬುದು ಸರಿಯಲ್ಲ. ಕೊಲೆಸ್ಟರಾಲು ತೀರ ಕಡಮೆಯಿರುವಲ್ಲಿ ಪ್ರವಾಹವು ಎಷ್ಟು ಮಂದವಾದರೂ ರೋಗವು ಬೇರೂರದು; ಕೊಲೆಸ್ಟರಾಲು ಏರಿದಾಗಲೂ ರೋಗವು ಮೊದಲು ಬೇರೂರುವ ನೆಲವನ್ನು ಪ್ರವಾಹವು ಗೊತ್ತುಮಾಡುತ್ತದೆ. ಉತ್ತರಗಳು ಬೇರೆಯಾದುದು ಪ್ರಶ್ನೆಗಳು ಬೇರೆಯಾಗಿದ್ದುದರಿಂದ. ಫಿರ್ಖೋನು ೧೮೫೬ರಲ್ಲಿ ಹೊಸೆದಿದ್ದ ಹುರಿಯನ್ನು ಮತ್ತೆ ಹೊಸೆಯಲು ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು. ಹೊಸ ಹುರಿಯು ಮಾತ್ರ ಅಳತೆಯಿಂದಲೂ ಪ್ರಯೋಗದಿಂದಲೂ ಗಟ್ಟಿಗೊಂಡಿದೆ.

ಎರಡನೆಯದಾಗಿ, ನೆಲೆಯ ಪ್ರಶ್ನೆಯು ಕೇವಲ ಪಾಂಡಿತ್ಯದ ವಿಷಯವಲ್ಲ. ಕರೊನರಿ ನಾಳದ ಆರಂಭದಲ್ಲಿ ಒಂದು ಸಣ್ಣ ಮಚ್ಚೆಯು ಒಡೆದರೆ ಪ್ರಾಣವೇ ಹೋಗಬಹುದು. ಅಷ್ಟೇ ದೊಡ್ಡ ಮಚ್ಚೆಯು ಮಹಾಪಧಮನಿಯಲ್ಲಿ ಜೀವಮಾನವೆಲ್ಲ ಇದ್ದರೂ ತಿಳಿಯದೆ ಹೋಗಬಹುದು. ೨೦೧೨ರಲ್ಲಿ ಜಪಾನಿನ ೫೦೬ ರೋಗಿಗಳ ಕರೊನರಿ ನಾಳಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಮಚ್ಚೆಯ ಗಾತ್ರದೊಡನೆ ಮಂದ ಘರ್ಷಣೆಯೂ ರೋಗವು ಮುಂದುವರಿಯುವ ಎಡೆಯನ್ನು ಸೂಚಿಸುತ್ತದೆಂದು ಕಂಡುಬಂದಿತು. ಆದರೆ ಆ ಸೂಚನೆಯು ಅರ್ಧಕ್ಕಿಂತ ಹೆಚ್ಚು ಸಲ ತಪ್ಪುತ್ತಿತ್ತು. ಯಾವ ಮಚ್ಚೆಯು ಎಂದು ಒಡೆಯುವುದೆಂದು ಮುಂಗಂಡು ಹೇಳುವ ಶಕ್ತಿಯು ವೈದ್ಯಶಾಸ್ತ್ರಕ್ಕೆ ಇನ್ನೂ ಪೂರ್ಣವಾಗಿ ದೊರೆತಿಲ್ಲ. ಅದು ದೊರೆಯಬೇಕಾದರೆ ರಕ್ತದ ಗುಣವನ್ನು ಅರಿತವನೂ ರಕ್ತದ ಗತಿಯನ್ನು ಅರಿತವನೂ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಬೇಕಾಗಿದೆ. ಇವರಿಬ್ಬರೂ ಬಹುಕಾಲ ಬೇರೆಬೇರೆಯಾಗಿ ಕುಳಿತುದರಿಂದ ಆದ ವಿಳಂಬವನ್ನು ಮೇಲಿನ ಚರಿತ್ರೆಯು ತೋರಿಸಿಕೊಟ್ಟಿದೆ.